ರೋಗಿಗಳನ್ನು ಚೆನ್ನಾಗಿ ನೋಡಿಕೊಂಡವರನ್ನು ಗುರುತಿಸುವುದು ಹೇಗೆ? ಆಸ್ಪತ್ರೆ ಸಿಬ್ಬಂದಿ ಮತ್ತು ಸ್ವಯಂಸೇವಕರ ಗೌರವಕ್ಕೆ ಒಂದು ಸಮಗ್ರ ಮಾರ್ಗದರ್ಶಿ

ಆಸ್ಪತ್ರೆಯ ಗೋಡೆಯ ಮೇಲೆ ‘ತಿಂಗಳ ಉತ್ತಮ ಸಿಬ್ಬಂದಿ’ ಅಂತ ಒಂದು ಫ್ರೇಮ್ ಇರುತ್ತದೆ, ನೋಡಿರುತ್ತೀರಿ. ಒಂದು ಫೋಟೊ, ಒಂದು ಹೆಸರು, ಅಷ್ಟೇ. ಅವರು ಯಾರಿಗೆ ಏನು ಮಾಡಿದರು ಅಂತ ಒಂದು ಸಾಲೂ ಇರುವುದಿಲ್ಲ. ಅದೇ ವಾರ್ಡಿನವರನ್ನು ಕೇಳಿದರೆ ‘ಈ ಸಲ ನಮ್ಮ ಸರದಿ ಇತ್ತು’ ಅನ್ನುತ್ತಾರೆ. ಇಂಥ ಗೌರವ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಇದಕ್ಕಿಂತ ಚೆನ್ನಾಗಿ ಮಾಡಬೇಕು ಅನ್ನುವವರಿಗಾಗಿ ಈ ಬರಹ. ನರ್ಸಿಂಗ್ ಸೂಪರಿಂಟೆಂಡೆಂಟ್, ಎಚ್‌ಆರ್, ಕ್ವಾಲಿಟಿ ವಿಭಾಗದವರು, ಸ್ವಯಂಸೇವಕರ ಉಸ್ತುವಾರಿ ಹೊತ್ತವರು ಇದನ್ನು ಬಳಸಬಹುದು. ರೋಗಿಗಳಿಗೂ ಅವರ ಮನೆಯವರಿಗೂ ಬೇರೆ ಒಂದು ಭಾಗ ಇದೆ. ನಾನು ಒತ್ತಿ ಹೇಳುವ ಮಾತು ಇಷ್ಟೇ: ಗೌರವ ಸಲ್ಲಬೇಕಾದದ್ದು ಒಂದು ನಿರ್ದಿಷ್ಟ ಕೆಲಸಕ್ಕೆ. ಆ ಕೆಲಸವನ್ನು ಯಾರು ಕಂಡರು, ಯಾರ ಕಣ್ಣಿಗೂ ಬೀಳದೆ ಹೋದದ್ದು ಯಾವುದು ಅಂತ ಹುಡುಕುವುದೇ ಇಲ್ಲಿ ದೊಡ್ಡ ಕೆಲಸ.

ಹೆಜ್ಜೆ 1: ಯಾವುದನ್ನು ಗುರುತಿಸುತ್ತೀರಿ ಅಂತ ಮೊದಲು ಬರೆದಿಡಿ

‘ಅತ್ಯುತ್ತಮ ಸೇವೆ’ ಅಂತ ಬರೆದು ಬಿಟ್ಟರೆ ಯಾರಿಗೂ ಏನೂ ಅರ್ಥವಾಗುವುದಿಲ್ಲ. ವಾರ್ಡಿನಲ್ಲಿ ಕಣ್ಣಿಗೆ ಕಾಣುವ ಕೆಲಸಗಳ ಹೆಸರು ಹೇಳಿ. ಸೂಜಿ ಚುಚ್ಚುವ ಮುಂಚೆ ಏನು ಮಾಡುತ್ತೇನೆ ಅಂತ ರೋಗಿಗೆ ತಿಳಿಸುವುದು. ಹೊರಡುವಾಗ ಕಾಲ್ ಬೆಲ್ಲನ್ನು ಕೈಗೆಟುಕುವ ಹಾಗೆ ಇಟ್ಟು ಹೋಗುವುದು. ಎದ್ದು ಕೂರಲಾಗದವರನ್ನು ಹೇಳಿದ ಹೊತ್ತಿಗೆ ಸರಿಯಾಗಿ ಮಗ್ಗುಲು ಬದಲಿಸಿ ಮಲಗಿಸುವುದು. ರಾತ್ರಿ ಬಿಪಿ ನೋಡಲು ಬಂದಾಗ ಇಡೀ ವಾರ್ಡಿನ ಲೈಟ್ ಹಾಕದೆ ಟಾರ್ಚ್ ಬಳಸುವುದು. ಕೇಳಿದರೆ ಸಣ್ಣ ವಿಷಯ ಅನ್ನಿಸುತ್ತದೆ, ಮಲಗಿರುವವರಿಗೆ ಮಾತ್ರ ಸಣ್ಣದಲ್ಲ.

ಎಷ್ಟು ಸಣ್ಣ ವಿಷಯ ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕೆ ಬ್ರಿಟನ್ನಿನ ಡಾ. ಕೇಟ್ ಗ್ರೇಂಜರ್ ಅವರನ್ನು ನೆನೆಯಬಹುದು. ಸ್ವತಃ ವೈದ್ಯೆಯಾಗಿದ್ದ ಅವರಿಗೆ ಕ್ಯಾನ್ಸರ್ ಆಗಿತ್ತು. 2013ರಲ್ಲಿ ಆಸ್ಪತ್ರೆಗೆ ದಾಖಲಾದಾಗ, ತಮ್ಮನ್ನು ನೋಡಲು ಬಂದ ಬಹಳಷ್ಟು ಜನ ತಮ್ಮ ಹೆಸರನ್ನೇ ಹೇಳಲಿಲ್ಲ ಅನ್ನುವುದನ್ನು ಅವರು ಗಮನಿಸಿದರು. ‘ನಮಸ್ಕಾರ, ನನ್ನ ಹೆಸರು ಇಂಥದ್ದು’ ಅಂತ ಹೇಳಿ ಮಾತು ಶುರು ಮಾಡಿ ಅನ್ನುವ ಅವರ ಅಭಿಯಾನ ಅಲ್ಲಿಂದ ಹಲವು ದೇಶಗಳಿಗೆ ಹಬ್ಬಿತು. 2016ರಲ್ಲಿ ಅವರು ತೀರಿಕೊಂಡರು. ಕನಿಕರದ ಆರೈಕೆಗೆ ಅವರ ಹೆಸರಿನಲ್ಲೇ ಪ್ರಶಸ್ತಿಗಳು ಶುರುವಾದವು.

ಇನ್ನೊಂದು ವಿಷಯವನ್ನೂ ಮೊದಲೇ ತೀರ್ಮಾನಿಸಿಕೊಳ್ಳಿ. ರೋಗಿ ಗುಣವಾದರೆ ಮಾತ್ರ ಗೌರವವೇ? ಅಲ್ಲ. ನರ್ಸ್‌ಗಳಿಗೆ ಕೊಡುವ ಡೈಸಿ ಪ್ರಶಸ್ತಿ ಇವತ್ತು ಹಲವು ದೇಶಗಳಲ್ಲಿ ಇದೆ. ಅಮೆರಿಕದ ಪ್ಯಾಟ್ರಿಕ್ ಬಾರ್ನ್ಸ್ ಅನ್ನುವ 33 ವರ್ಷದ ಯುವಕ 1999ರಲ್ಲಿ ತೀರಿಕೊಂಡ ನಂತರ ಅದು ಹುಟ್ಟಿತು. ಅವರಿಗಿದ್ದದ್ದು ಐಟಿಪಿ, ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಪ್ಲೇಟ್‌ಲೆಟ್‌ಗಳನ್ನು ನಾಶ ಮಾಡುವ ಕಾಯಿಲೆ. ಮಗ ಉಳಿಯಲಿಲ್ಲ. ಆದರೂ ನರ್ಸ್‌ಗಳು ಅವನನ್ನೂ ತಮ್ಮನ್ನೂ ನೋಡಿಕೊಂಡ ರೀತಿಗೆ ಥ್ಯಾಂಕ್ಸ್ ಹೇಳಬೇಕು ಅಂತ ಮನೆಯವರು ಅದನ್ನು ಶುರು ಮಾಡಿದರು. ಫಲಿತಾಂಶ ಯಾರ ಕೈಯಲ್ಲೂ ಇರುವುದಿಲ್ಲ, ನಡೆಸಿಕೊಳ್ಳುವ ರೀತಿ ಇರುತ್ತದೆ. ನಿಮ್ಮ ನಿಯಮದಲ್ಲಿ ಇದನ್ನು ಸ್ಪಷ್ಟವಾಗಿ ಬರೆಯಿರಿ. ಇಲ್ಲದಿದ್ದರೆ ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವವರಿಗೆ ಯಾವತ್ತೂ ಸರದಿ ಬರುವುದಿಲ್ಲ.

ಹೆಜ್ಜೆ 2: ಯಾರೆಲ್ಲ ಲೆಕ್ಕಕ್ಕೆ ಬರುತ್ತಾರೆ?

ಎಲ್ಲರೂ. ಡಾಕ್ಟರು, ನರ್ಸ್ ಜೊತೆಗೆ ವಾರ್ಡ್ ಬಾಯ್, ಆಯಾ, ಹೌಸ್‌ಕೀಪಿಂಗ್, ಲ್ಯಾಬ್, ಫಾರ್ಮಸಿ, ಎಕ್ಸ್‌ರೇ, ಫಿಸಿಯೋಥೆರಪಿ, ಅಡುಗೆಮನೆ, ಆಂಬುಲೆನ್ಸ್, ಸೆಕ್ಯುರಿಟಿ, ಬಿಲ್ಲಿಂಗ್ ಕೌಂಟರ್, ಸ್ವಯಂಸೇವಕರು. ಗುತ್ತಿಗೆಯ ಮೇಲೆ ಬಂದವರು ‘ನಮ್ಮ ಸಿಬ್ಬಂದಿ ಅಲ್ಲ’ ಅಂತ ಹೊರಗಿಡಬೇಡಿ. ನೆಲ ಒರೆಸುತ್ತಾ ಪಕ್ಕದ ಹಾಸಿಗೆಯ ಅಜ್ಜಿಯನ್ನು ಮಾತಾಡಿಸಿದವರು ಯಾರ ಸಂಬಳದ ಪಟ್ಟಿಯಲ್ಲಿದ್ದಾರೆ ಅಂತ ಅಜ್ಜಿ ಕೇಳುವುದಿಲ್ಲ, ಅಲ್ವಾ?

ಹೆಜ್ಜೆ 3: ಹೆಸರು ಸೂಚಿಸಲು ಎರಡು ಬಾಗಿಲು ಇಡಿ

ಹೆಚ್ಚಿನ ಆಸ್ಪತ್ರೆಗಳು ಎಡವುವುದು ಇಲ್ಲೇ. ರೋಗಿಗಳು ಬರೆದುಕೊಟ್ಟದ್ದನ್ನು ಮಾತ್ರ ನೆಚ್ಚಿಕೊಂಡರೆ ಏನಾಗುತ್ತದೆ ನೋಡಿ. ಐಸಿಯುನಲ್ಲಿ ಪ್ರಜ್ಞೆ ಇಲ್ಲದೆ ಮಲಗಿದವರು ಯಾರ ಹೆಸರು ಬರೆಯುತ್ತಾರೆ? ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಪಡೆದವರು? ಅವಧಿಗೆ ಮೊದಲೇ ಹುಟ್ಟಿದ ಮಗು? ಮರೆವಿನ ಕಾಯಿಲೆ ಇರುವ ಹಿರಿಯರು? ತಮಗೆ ಎಷ್ಟು ಒಳ್ಳೆಯದಾಯಿತು ಅಂತ ಇವರಿಗೆ ಗೊತ್ತೇ ಆಗುವುದಿಲ್ಲ.

ಲ್ಯಾಬಿನ ಒಂದು ಉದಾಹರಣೆ ತೆಗೆದುಕೊಳ್ಳಿ. ರಾತ್ರಿ ಎರಡೂವರೆ ಗಂಟೆ. ಒಂದು ರಕ್ತದ ಮಾದರಿಯಲ್ಲಿ ಪೊಟ್ಯಾಶಿಯಂ 6.8 ಬಂದಿದೆ. ಸಾಮಾನ್ಯವಾಗಿ ಅದು 3.5ರಿಂದ 5ರ ಆಸುಪಾಸಿನಲ್ಲಿ ಇರಬೇಕು. ಇಷ್ಟು ಏರಿದರೆ ಹೃದಯದ ಬಡಿತ ತಪ್ಪಬಹುದು. ಟೆಕ್ನೀಷಿಯನ್ ಮಾದರಿ ಕೆಟ್ಟಿಲ್ಲ ಅಂತ ಖಚಿತ ಮಾಡಿಕೊಳ್ಳುತ್ತಾರೆ. ವಾರ್ಡಿಗೆ ಫೋನ್ ಮಾಡುತ್ತಾರೆ, ಯಾರೂ ಎತ್ತುವುದಿಲ್ಲ. ಮತ್ತೆ ಮಾಡುತ್ತಾರೆ. ಆಮೇಲೆ ಡ್ಯೂಟಿ ಡಾಕ್ಟರ ಮೊಬೈಲಿಗೆ. ಅವರು ಎತ್ತಿದ ಮೇಲೆ ಸಂಖ್ಯೆಯನ್ನು ಅವರ ಬಾಯಲ್ಲೇ ಇನ್ನೊಮ್ಮೆ ಹೇಳಿಸಿ, ಹೊತ್ತು ಬರೆದುಕೊಂಡು ಫೋನ್ ಇಡುತ್ತಾರೆ. ಮರುದಿನ ರೋಗಿ ಕಾಫಿ ಕುಡಿಯುತ್ತಾ ಕೂತಿರುತ್ತಾರೆ. ಲ್ಯಾಬ್ ಯಾವ ಮಹಡಿಯಲ್ಲಿದೆ ಅಂತಲೂ ಅವರಿಗೆ ಗೊತ್ತಿರುವುದಿಲ್ಲ.

ರೋಗಿಗೆ ಕಿರಿಕಿರಿ ಆಗುವ ಒಳ್ಳೆಯ ಕೆಲಸಗಳೂ ಇವೆ. ಪ್ರತಿ ಸಲ ಔಷಧಿ ಕೊಡುವಾಗ ಹೆಸರು ಕೇಳಿ ಕೈಪಟ್ಟಿ ನೋಡುವ ನರ್ಸನ್ನು ‘ಎಷ್ಟು ಸಲ ಹೇಳಬೇಕು?’ ಅಂತ ಗದರುವವರಿದ್ದಾರೆ. ಆಪರೇಷನ್ನಿಗೆ ಮುಂಚೆ ಏನೂ ಕುಡಿಯಲು ಬಿಡದವರು ಕಠಿಣ ಮನಸ್ಸಿನವರಾಗಿ ಕಾಣುತ್ತಾರೆ. ಡೋಸ್ ಸರಿ ಇಲ್ಲ ಅನ್ನಿಸಿ ಸೀನಿಯರ್ ಡಾಕ್ಟರನ್ನೇ ಪ್ರಶ್ನಿಸಿದ ಜೂನಿಯರ್ ಫಾರ್ಮಸಿಸ್ಟನ್ನು ಹೊಗಳಿ ರೋಗಿ ಚೀಟಿ ಬರೆಯುವುದಿಲ್ಲ.

ಹಾಗಾಗಿ ಒಂದು ಬಾಗಿಲು ರೋಗಿ ಮತ್ತು ಮನೆಯವರಿಗೆ, ಇನ್ನೊಂದು ಜೊತೆಯಲ್ಲಿ ಕೆಲಸ ಮಾಡುವವರಿಗೆ. ಎರಡನೆಯದಕ್ಕೆ ಸುಲಭದ ದಾರಿ ಶಿಫ್ಟ್ ಬದಲಾಗುವಾಗಿನ ಹ್ಯಾಂಡೋವರ್. ರೋಗಿಗಳ ವಿವರ ಒಪ್ಪಿಸಿದ ಮೇಲೆ ಇನ್‌ಚಾರ್ಜ್ ಒಂದೇ ಪ್ರಶ್ನೆ ಕೇಳಲಿ: ‘ಈ ಶಿಫ್ಟಿನಲ್ಲಿ ಯಾರು ಏನು ಒಳ್ಳೆಯದು ಮಾಡಿದ್ದನ್ನು ನೋಡಿದಿರಿ?’ ಉತ್ತರ ಬಂದರೆ ಅಲ್ಲೇ ಒಂದು ಪುಸ್ತಕದಲ್ಲಿ ಎರಡು ಸಾಲು ಗೀಚಿ. ಬರದಿದ್ದರೆ ಬಿಡಿ, ಒತ್ತಾಯ ಬೇಡ. ದಿನಾ ಒತ್ತಾಯಿಸಿದರೆ ಕಾಟಾಚಾರಕ್ಕೆ ಹೇಳುತ್ತಾರೆ.

ಹೆಜ್ಜೆ 4: ಫಾರ್ಮ್ ಚಿಕ್ಕದಾಗಿರಲಿ

ಒಂದೇ ಪುಟ. ಯಾರು (ಹೆಸರು ಗೊತ್ತಿಲ್ಲದಿದ್ದರೆ ವಾರ್ಡ್, ದಿನ, ಹೊತ್ತು), ಏನಾಯಿತು, ಅದರಿಂದ ನಿಮಗೆ ಏನು ಉಪಯೋಗವಾಯಿತು, ಇದನ್ನು ಬೇರೆಯವರಿಗೆ ಓದಿ ಹೇಳಬಹುದೇ. ಇಷ್ಟು ಸಾಕು. ಒಂದರಿಂದ ಹತ್ತರವರೆಗೆ ಅಂಕ ಕೊಡಿ ಅಂತ ಕೇಳಬೇಡಿ. ಅಂಕದಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

‘ಹೆಸರು ಗೊತ್ತಿಲ್ಲ’ ಅನ್ನುವ ಜಾಗ ಮುಖ್ಯ. ‘ಸೋಮವಾರ ರಾತ್ರಿ, ಗಾಜಿನ ಬಳೆ ಹಾಕಿದ್ದ ಆಯಾ’ ಅಂತ ಬರೆದರೂ ರೋಸ್ಟರ್ (ಯಾರಿಗೆ ಯಾವಾಗ ಡ್ಯೂಟಿ ಅನ್ನುವ ಪಟ್ಟಿ) ನೋಡಿ ಹುಡುಕಬಹುದು. ಹುಡುಕುವ ಹೊಣೆ ಆಸ್ಪತ್ರೆಯದು, ರೋಗಿಯದಲ್ಲ.

ಬರೆಯಲು ಬಾರದವರು, ಬೇರೆ ಭಾಷೆಯವರು, ಕೈಗೆ ಡ್ರಿಪ್ ಹಾಕಿಸಿಕೊಂಡವರು ಬಾಯಲ್ಲೇ ಹೇಳಲಿ. ಸ್ವಯಂಸೇವಕರೊಬ್ಬರು ಬರೆದುಕೊಳ್ಳಲಿ, ಹೇಳಿದವರ ಮಾತಿನಲ್ಲೇ. ಅದನ್ನು ತಿದ್ದಿ ಚಂದ ಮಾಡಲು ಹೋಗಬೇಡಿ. ‘ಆ ಹುಡುಗ ನನ್ನ ಕಾಲು ಒತ್ತಿದ’ ಅನ್ನುವುದನ್ನು ‘ಸಿಬ್ಬಂದಿಯು ಉತ್ತಮ ಸಹಕಾರ ನೀಡಿದರು’ ಅಂತ ಬದಲಾಯಿಸಿದರೆ ಇದ್ದಿದ್ದೂ ಹೋಯಿತು.

ಕೇಳುವ ಹೊತ್ತಿಗೂ ಒಂದು ರೀತಿ ಇದೆ. ಚಿಕಿತ್ಸೆ ನಡೆಯುತ್ತಿರುವಾಗ, ಅದೂ ನೋಡಿಕೊಳ್ಳುವವರೇ ಎದುರಿಗೆ ನಿಂತು ಫಾರ್ಮ್ ಕೊಟ್ಟರೆ ರೋಗಿಗೆ ಇಲ್ಲ ಅನ್ನಲು ಧೈರ್ಯ ಬರುವುದಿಲ್ಲ. ಡಿಸ್ಚಾರ್ಜ್ ಆದ ಮೇಲೆ ಕೇಳಿ. ಡಿಸ್ಚಾರ್ಜ್ ಸಮ್ಮರಿಯ ಜೊತೆ ಒಂದು ಖಾಲಿ ಫಾರ್ಮ್ ಇಡಿ, ಹೊರಗಿನ ಬಾಗಿಲ ಹತ್ತಿರ ಡಬ್ಬಿ ಇಡಿ, ಫೋನಿನಲ್ಲಿ ತುಂಬುವವರಿಗೆ ಕ್ಯೂಆರ್ ಕೋಡ್ ಹಾಕಿ. ರೋಗಿ ತೀರಿಕೊಂಡ ಮನೆಯವರಿಗೆ ಅವತ್ತೇ ಕೇಳುವುದು ಬೇಡ. ಕೆಲವು ವಾರ ಕಳೆದ ಮೇಲೆ ಒಂದು ಸಾಂತ್ವನದ ಪತ್ರ ಹೋಗುವುದಿದ್ದರೆ ಅದರ ಕೊನೆಯಲ್ಲಿ ಒಂದು ಸಾಲು ಸೇರಿಸಬಹುದು.

ರೋಗಿಗಳಿಗೆ, ಮನೆಯವರಿಗೆ: ಥ್ಯಾಂಕ್ಸ್ ಪತ್ರ ಬರೆಯುವುದು ಹೀಗೆ

‘ಎಲ್ಲರೂ ತುಂಬಾ ಚೆನ್ನಾಗಿ ನೋಡಿಕೊಂಡರು. ದೇವರು ಒಳ್ಳೆಯದು ಮಾಡಲಿ.’ ಹೆಚ್ಚಿನ ಪತ್ರಗಳು ಹೀಗಿರುತ್ತವೆ. ಮನಸ್ಸಿನಿಂದ ಬಂದ ಮಾತೇ, ತಪ್ಪೇನಿಲ್ಲ. ಆದರೆ ಯಾರಿಗೆ ತಲುಪಿಸುವುದು?

ಇದನ್ನು ಓದಿ: ‘ನನ್ನ ತಂದೆಗೆ ಸೊಂಟದ ಆಪರೇಷನ್ ಆಗಿತ್ತು. ಮೊದಲ ಸಲ ನಿಲ್ಲಿಸುವಾಗ ತುಂಬಾ ಹೆದರಿದರು. ಫಿಸಿಯೋಥೆರಪಿಯವರು ಅವಸರ ಮಾಡಲಿಲ್ಲ. ಮಂಚದ ಪಕ್ಕ ಸ್ಟೂಲ್ ಎಳೆದು ಕೂತು, ನಾಳೆ ನಿಲ್ಲೋಣ, ಇವತ್ತು ಕಾಲು ಕೆಳಗೆ ಬಿಟ್ಟು ಕೂತರೆ ಸಾಕು ಅಂದರು. ಮರುದಿನ ಅಪ್ಪ ತಾವೇ ನಿಲ್ಲುತ್ತೇನೆ ಅಂದರು.’ ಐದಾರು ಸಾಲು. ಯಾರು, ಯಾವಾಗ, ಏನು, ಆಮೇಲೆ ಏನಾಯಿತು, ಎಲ್ಲವೂ ಇದೆ. ಹೊಗಳಿಕೆಯ ಒಂದು ಪದವೂ ಇಲ್ಲ, ಬೇಕಾಗಿಯೂ ಇಲ್ಲ.

ಒಂದು ಪ್ರತಿ ಆ ವ್ಯಕ್ತಿಗೆ, ಇನ್ನೊಂದು ಆಸ್ಪತ್ರೆಯ ಮುಖ್ಯಸ್ಥರಿಗೆ ಕೊಡಿ. ಒಂದೇ ಪ್ರತಿ ಕೊಟ್ಟರೆ ಎಲ್ಲೋ ಡ್ರಾಯರಿನಲ್ಲಿ ಉಳಿದುಬಿಡುತ್ತದೆ. ದುಡ್ಡು, ದುಬಾರಿ ಉಡುಗೊರೆ ಬೇಡ. ಎಷ್ಟೋ ಆಸ್ಪತ್ರೆಗಳಲ್ಲಿ ಅದಕ್ಕೆ ನಿಷೇಧ ಇರುತ್ತದೆ, ಪಡೆದವರ ಕೆಲಸಕ್ಕೇ ಕುತ್ತು ಬರಬಹುದು. ಸಾಮಾಜಿಕ ಜಾಲತಾಣದಲ್ಲಿ ಅವರ ಫೋಟೊ, ಪೂರ್ತಿ ಹೆಸರು ಹಾಕುವ ಮುಂಚೆಯೂ ಅವರನ್ನು ಕೇಳಿ.

ಹೆಜ್ಜೆ 5: ಬಂದ ಪ್ರತಿ ಪತ್ರವನ್ನೂ ತಲುಪಿಸಿ

ಬೇರೆ ಯಾವುದನ್ನೂ ಮಾಡಲು ಆಗದಿದ್ದರೂ ಇದೊಂದನ್ನು ಮಾಡಿ. ಆಯ್ಕೆಯಾಗಲಿ, ಆಗದಿರಲಿ, ಹೆಸರು ಬಂದ ಪ್ರತಿಯೊಬ್ಬರಿಗೂ ಏಳು ದಿನದೊಳಗೆ ಆ ಪತ್ರದ ಪ್ರತಿ ಕೈಗೆ ಸಿಗಬೇಕು. ಮೇಲೆ ಇನ್‌ಚಾರ್ಜ್ ಕೈಯಾರೆ ಬರೆದ ಒಂದು ಸಾಲು ಇರಲಿ. ಒಂದು ಪ್ರತಿ ಅವರ ಸರ್ವಿಸ್ ಫೈಲಿಗೆ ಹೋಗಲಿ, ಮುಂದೆ ಬಡ್ತಿಯ ಹೊತ್ತಿಗೆ ಬೇಕಾಗುತ್ತದೆ. ಗುತ್ತಿಗೆಯವರಾದರೆ ಏಜೆನ್ಸಿಗೂ ಕಳಿಸಿ. ಅವರ ಗುತ್ತಿಗೆ ಮುಂದುವರಿಸುವಾಗ ಏಜೆನ್ಸಿ ನೋಡುವುದು ಕಾಗದವನ್ನೇ.

ಅಧಿಕಾರಿಗಳು ಮೊದಲು ಸಮಾರಂಭದ ಬಗ್ಗೆ ತಲೆಕೆಡಿಸಿಕೊಳ್ಳುತ್ತಾರೆ, ಪತ್ರ ತಲುಪಿಸುವುದನ್ನು ಆಮೇಲೆ ನೋಡೋಣ ಅನ್ನುತ್ತಾರೆ. ನನ್ನ ಪ್ರಕಾರ ಇದು ಪೂರ್ತಿ ಉಲ್ಟಾ.

ಹೆಜ್ಜೆ 6: ಆಯ್ಕೆ ಸಮಿತಿ

ಐದರಿಂದ ಏಳು ಜನ ಸಾಕು. ಒಬ್ಬ ನರ್ಸ್, ಒಬ್ಬ ಡಾಕ್ಟರ್, ಲ್ಯಾಬ್ ಅಥವಾ ಫಾರ್ಮಸಿಯಿಂದ ಒಬ್ಬರು, ಹೌಸ್‌ಕೀಪಿಂಗ್‌ನಿಂದ ಒಬ್ಬರು, ಒಬ್ಬ ಸ್ವಯಂಸೇವಕ, ಸಾಧ್ಯವಾದರೆ ಹಿಂದೆ ಇಲ್ಲೇ ಚಿಕಿತ್ಸೆ ಪಡೆದ ಒಬ್ಬರು. ಆರು ತಿಂಗಳಿಗೊಮ್ಮೆ ಅರ್ಧದಷ್ಟು ಜನ ಬದಲಾಗಲಿ.

ಪತ್ರಗಳಲ್ಲಿನ ಹೆಸರು, ವಿಭಾಗ ಎರಡನ್ನೂ ಮುಚ್ಚಿ ಓದಿ. ಮುಖ ನೋಡಿ ಮಣೆ ಹಾಕುವುದು ತಪ್ಪಲು ಇದಕ್ಕಿಂತ ಸುಲಭದ ಉಪಾಯ ಇಲ್ಲ. ಆದರೂ ಓದುತ್ತಾ ಇದು ತಮ್ಮ ವಾರ್ಡಿನ ವಿಷಯ ಅಂತ ಗೊತ್ತಾದವರು ಆ ಪತ್ರದ ಚರ್ಚೆಯಿಂದ ಹೊರಗಿರಲಿ.

ಓದುವಾಗ ಕೇಳಿಕೊಳ್ಳಬೇಕಾದದ್ದು: ರೋಗಿಗೆ ಆ ಹೊತ್ತಿನಲ್ಲಿ ಏನು ಬೇಕಿತ್ತು? ಇವರು ಅದನ್ನು ಹೇಗೆ ಗಮನಿಸಿದರು? ಇನ್ನೊಬ್ಬರು ನಾಳೆ ಇದನ್ನೇ ಮಾಡಬಹುದೇ? ಮೂರನೆಯ ಪ್ರಶ್ನೆಗೆ ಹೌದು ಅನ್ನುವ ಉತ್ತರ ಬಂದರೆ ಅದು ಒಳ್ಳೆಯ ಆಯ್ಕೆ.

ಇಲ್ಲಿ ಒಂದು ಎಚ್ಚರಿಕೆ. ‘ಸತತವಾಗಿ ಎರಡು ಶಿಫ್ಟ್ ಮಾಡಿದರು’, ‘ಜ್ವರ ಇದ್ದರೂ ಡ್ಯೂಟಿಗೆ ಬಂದರು’, ‘ಊಟ ಮಾಡದೆ ದುಡಿದರು’ ಅನ್ನುವ ಪತ್ರಗಳು ಬರುತ್ತವೆ. ಓದಿದರೆ ಕಣ್ಣು ತುಂಬುತ್ತದೆ. ಇವಕ್ಕೆ ಪ್ರಶಸ್ತಿ ಕೊಡಬೇಡಿ. ಇವು ಜನ ಸಾಲದು ಅಂತ ಹೇಳುವ ಕಾಗದಗಳು. ಅವರಿಗೆ ಪತ್ರ ತಲುಪಿಸಿ, ಬಾಯ್ತುಂಬ ಥ್ಯಾಂಕ್ಸ್ ಹೇಳಿ, ಒಂದು ಪ್ರತಿಯನ್ನು ರೋಸ್ಟರ್ ಮಾಡುವವರ ಮೇಜಿನ ಮೇಲೆ ಇಡಿ. ಜ್ವರ ಇರುವವರು ವಾರ್ಡಿಗೆ ಬಂದರೆ ರೋಗಿಗಳಿಗೇ ಅಪಾಯ.

ಇದೇ ಕಾರಣಕ್ಕೆ ‘ಒಂದು ದಿನವೂ ರಜೆ ಹಾಕದವರಿಗೆ ಬಹುಮಾನ’ ಅನ್ನುವುದನ್ನು ಆಸ್ಪತ್ರೆಯ ಹತ್ತಿರಕ್ಕೂ ಬಿಟ್ಟುಕೊಳ್ಳಬೇಡಿ. ಅಮೆರಿಕದ ಒಂದು ಲಾಂಡ್ರಿ ಕಂಪನಿಯ ಹಾಜರಾತಿ ಬಹುಮಾನದ ಬಗ್ಗೆ 2016ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಬಹುಮಾನ ಶುರುವಾದ ಮೇಲೆ ಕೆಲವರು ಅರ್ಹತೆ ಉಳಿಸಿಕೊಳ್ಳಲು ಉಪಾಯ ಹುಡುಕಿಕೊಂಡರು. ಮೊದಲಿನಿಂದಲೂ ಸುಮ್ನೆ ಶ್ರದ್ಧೆಯಿಂದ ಬರುತ್ತಿದ್ದವರ ಕೆಲಸದ ವೇಗವೇ ಕುಗ್ಗಿತು. ಯಾರೂ ಹೇಳದೆ ಮಾಡುತ್ತಿದ್ದ ಕೆಲಸಕ್ಕೆ ಒಮ್ಮಿಂದೊಮ್ಮೆಗೆ ಬೆಲೆ ಕಟ್ಟಿದರೆ ಹೀಗೂ ಆಗುತ್ತದೆ.

ಆಯ್ಕೆ ಮುಗಿದ ಮೇಲೆ, ಘೋಷಿಸುವ ಮುಂಚೆ, ಆ ವ್ಯಕ್ತಿಯ ಮೇಲೆ ರೋಗಿಗಳಿಂದ ಗಂಭೀರ ದೂರು ಬಾಕಿ ಇದೆಯೇ ಅಂತ ಎಚ್‌ಆರ್ ಗುಟ್ಟಾಗಿ ನೋಡಲಿ. ವಿವರ ಸಮಿತಿಗೆ ಬೇಕಿಲ್ಲ. ಸದ್ಯಕ್ಕೆ ತಡೆಯಿರಿ ಅಥವಾ ಮುಂದುವರಿಯಿರಿ, ಅಷ್ಟು ಹೇಳಿದರೆ ಆಯಿತು.

ಹೆಜ್ಜೆ 7: ಗೌರವ ಕೊಡುವ ಗಳಿಗೆ

ದೊಡ್ಡ ಸಭಾಂಗಣ, ದೀಪ ಬೆಳಗುವುದು, ಗಣ್ಯರ ಭಾಷಣ, ಕೊನೆಗೆ ಅರ್ಧ ನಿಮಿಷ ಪ್ರಶಸ್ತಿ. ಅಷ್ಟು ಹೊತ್ತಿಗೆ ಜೊತೆಗೆ ಕೆಲಸ ಮಾಡುವವರು ಡ್ಯೂಟಿ ಅಂತ ಎದ್ದು ಹೋಗಿರುತ್ತಾರೆ. ವರ್ಷಕ್ಕೊಮ್ಮೆ ಬೇಕಾದರೆ ಮಾಡಿ. ಉಳಿದಂತೆ ನೀವೇ ವಾರ್ಡಿಗೆ ಹೋಗಿ.

ಶಿಫ್ಟ್ ಬದಲಾಗುವ ಹೊತ್ತು ಒಳ್ಳೆಯದು, ಎರಡು ಶಿಫ್ಟಿನವರೂ ಅಲ್ಲಿರುತ್ತಾರೆ. ಹ್ಯಾಂಡೋವರ್ ಮುಗಿಯುವವರೆಗೆ ಕಾಯಿರಿ. ಔಷಧಿ ಕೊಡುವ ಹೊತ್ತಿನಲ್ಲಿ ನುಗ್ಗಬೇಡಿ, ಗಮನ ತಪ್ಪಿದರೆ ಡೋಸ್ ತಪ್ಪುತ್ತದೆ. ಆಸ್ಪತ್ರೆಯ ಮುಖ್ಯಸ್ಥರು ಎರಡು ಮಾತಾಡಿ ಪತ್ರವನ್ನು ಜೋರಾಗಿ ಓದಲಿ. ಐದು ನಿಮಿಷ ಸಾಕು. ನೈಟ್ ಡ್ಯೂಟಿಯವರಿಗೆ ಕೊಡುವುದಿದ್ದರೆ ರಾತ್ರಿಯೇ ಬನ್ನಿ. ಅವರನ್ನು ಹಗಲು ನಿದ್ದೆಯಿಂದ ಎಬ್ಬಿಸಿ ಕರೆಸಿಕೊಳ್ಳುವುದು ಗೌರವ ಅಲ್ಲ.

ಕೆಲವರಿಗೆ ನಾಲ್ಕು ಜನರ ಮುಂದೆ ನಿಲ್ಲುವುದೆಂದರೆ ಮುಜುಗರ. ಮೊದಲೇ ಕೇಳಿ. ಬೇಡ ಅಂದರೆ ರೂಮಿನಲ್ಲಿ ಕೂರಿಸಿ ಪತ್ರ ಕೊಡಿ. ಓದುವಾಗ ರೋಗಿಯ ಹೆಸರು, ಕಾಯಿಲೆ, ಹಾಸಿಗೆ ಸಂಖ್ಯೆ ಹೇಳಬಾರದು, ಅವರು ಒಪ್ಪಿ ಸಹಿ ಹಾಕಿದ್ದರೆ ಮಾತ್ರ ಸರಿ. ಫೋಟೊದ ಹಿನ್ನೆಲೆಯಲ್ಲಿ ಬೇರೆ ರೋಗಿಗಳು, ಕೇಸ್ ಶೀಟ್, ಬೋರ್ಡಿನ ಮೇಲಿನ ಹೆಸರುಗಳು ಬಿದ್ದಿವೆಯೇ ಅಂತ ಎರಡು ಸಲ ನೋಡಿ.

ಏನು ಕೊಡಬೇಕು? ಪತ್ರದ ಪ್ರತಿ, ಬ್ಯಾಡ್ಜ್ ಪಕ್ಕ ಸಿಕ್ಕಿಸುವ ಒಂದು ಪಿನ್, ಸಂಬಳ ಸಹಿತ ಒಂದು ದಿನದ ರಜೆ. ರಜೆ ಸಿಕ್ಕರೆ ಬಹಳ ಜನ ಶೀಲ್ಡಿಗಿಂತ ಜಾಸ್ತಿ ಖುಷಿ ಪಡುತ್ತಾರೆ. ನಗದು ಕೊಡುವುದಾದರೆ ಎಲ್ಲ ದರ್ಜೆಯವರಿಗೂ ಒಂದೇ ಮೊತ್ತ. ಹಾಗೇ ಸಂಬಳ ತಡವಾಗುತ್ತಿರುವ ಜಾಗದಲ್ಲಿ ಪಿನ್ ಹಂಚಿದರೆ ಜನ ಮೂಗು ಮುರಿಯುತ್ತಾರೆ, ಅವರ ತಪ್ಪಲ್ಲ.

ಹೆಜ್ಜೆ 8: ಸ್ವಯಂಸೇವಕರ ವಿಷಯ ಸ್ವಲ್ಪ ಬೇರೆ

ಅವರಿಗೆ ಸಂಬಳ ಇಲ್ಲ, ಬಡ್ತಿ ಇಲ್ಲ. ದಾರಿ ತೋರಿಸುವುದು, ಪೇಪರ್ ಓದಿ ಹೇಳುವುದು, ಒಬ್ಬರೇ ಇರುವವರ ಪಕ್ಕ ಕೂರುವುದು ಇವರ ಕೆಲಸ. ಸಾಮಾನ್ಯವಾಗಿ ಇವರಿಗೆ ಗಂಟೆಗಳ ಲೆಕ್ಕದಲ್ಲಿ ಪಿನ್ ಕೊಡುತ್ತಾರೆ: ನೂರು ಗಂಟೆ, ಐನೂರು ಗಂಟೆ. ಕೊಡಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಗಂಟೆ ಎಷ್ಟು ಅಂತ ಗೊತ್ತಾಯಿತು, ಆ ಗಂಟೆಗಳಲ್ಲಿ ಏನಾಯಿತು ಅಂತ ಗೊತ್ತಾಗಲಿಲ್ಲವಲ್ಲ.

ಅಮೆರಿಕದ ಒರೆಗಾನ್ ರಾಜ್ಯದ ಯೂಜೀನ್‌ನಲ್ಲಿ ಸಾಂಡ್ರಾ ಕ್ಲಾರ್ಕ್ ಅನ್ನುವ ನರ್ಸ್ ಇದ್ದರು. 1986ರ ಒಂದು ರಾತ್ರಿ ಕೊನೆಗಾಲದಲ್ಲಿದ್ದ ಒಬ್ಬ ಹಿರಿಯರು ‘ನನ್ನ ಜೊತೆ ಇರುತ್ತೀರಾ?’ ಅಂತ ಅವರನ್ನು ಕೇಳಿದರು. ಬೇರೆ ರೋಗಿಗಳನ್ನು ನೋಡಿ ಬರುತ್ತೇನೆ ಅಂತ ಹೇಳಿ ಹೋದವರು ತಿರುಗಿ ಬರುವಷ್ಟರಲ್ಲಿ ಆ ಹಿರಿಯರು ತೀರಿಕೊಂಡಿದ್ದರು. ಯಾರೂ ಒಂಟಿಯಾಗಿ ಸಾಯಬಾರದು ಅನ್ನುವ ಅವರ ಆಸೆಯಿಂದ 2001ರಲ್ಲಿ ಅಲ್ಲಿನ ಸೇಕ್ರೆಡ್ ಹಾರ್ಟ್ ಆಸ್ಪತ್ರೆಯಲ್ಲಿ ಒಂದು ಕಾರ್ಯಕ್ರಮ ಶುರುವಾಯಿತು. ತಮ್ಮವರು ಯಾರೂ ಇಲ್ಲದವರ ಪಕ್ಕ ಕೊನೆಯ ಗಂಟೆಗಳಲ್ಲಿ ಸ್ವಯಂಸೇವಕರು ಸರದಿಯಂತೆ ಕೂರುತ್ತಾರೆ. ಬೇರೆ ಆಸ್ಪತ್ರೆಗಳೂ ಇದನ್ನು ಅಳವಡಿಸಿಕೊಂಡವು.

ಹೀಗೆ ಕೂತವರ ಹೆಸರನ್ನು ಯಾರು ಸೂಚಿಸಬೇಕು? ರೋಗಿ ಇಲ್ಲ, ಮನೆಯವರೂ ಇಲ್ಲ. ಆ ರಾತ್ರಿ ಡ್ಯೂಟಿಯಲ್ಲಿದ್ದ ನರ್ಸ್ ಬರೆಯದಿದ್ದರೆ ಅದು ಯಾರಿಗೂ ಗೊತ್ತಾಗುವುದೇ ಇಲ್ಲ. ಎರಡನೇ ಬಾಗಿಲು ಬೇಕು ಅಂದದ್ದು ಇದಕ್ಕೇ.

ಸ್ವಯಂಸೇವಕರಿಗೆ ದಿನನಿತ್ಯದ ಗೌರವವೂ ಮುಖ್ಯ. ಹೆಸರು ಹಿಡಿದು ಮಾತಾಡಿಸುವುದು, ಬ್ಯಾಗ್ ಇಡಲು ಒಂದು ಲಾಕರ್, ಟೀ ಹೊತ್ತಿನಲ್ಲಿ ಜೊತೆಗೆ ಕರೆಯುವುದು, ಬಂದ ದಿನ ಸುಮ್ನೆ ಕೂರಿಸದೆ ಕೆಲಸ ಕೊಡುವುದು. ಓದುವ ಹುಡುಗ ಹುಡುಗಿಯರಾದರೆ ಅವರು ಏನು ಮಾಡಿದರು ಅಂತ ವಿವರವಾಗಿ ಬರೆದ ಪ್ರಮಾಣಪತ್ರ ಕೊಡಿ, ಮುಂದೆ ಉಪಯೋಗಕ್ಕೆ ಬರುತ್ತದೆ.

ಹೆಜ್ಜೆ 9: ವಿಶೇಷ ದಿನಗಳು

ಮೇ 12 ಅಂತರರಾಷ್ಟ್ರೀಯ ನರ್ಸ್‌ಗಳ ದಿನ, ಫ್ಲಾರೆನ್ಸ್ ನೈಟಿಂಗೇಲ್ 1820ರಲ್ಲಿ ಹುಟ್ಟಿದ ದಿನ. ಸೆಪ್ಟೆಂಬರ್ 17 ವಿಶ್ವ ರೋಗಿ ಸುರಕ್ಷತಾ ದಿನ. ತಪ್ಪನ್ನು ಸಕಾಲಕ್ಕೆ ತಡೆದ ಲ್ಯಾಬ್, ಫಾರ್ಮಸಿಯವರನ್ನು ಅವತ್ತು ಗೌರವಿಸಿದರೆ ಚೆನ್ನಾಗಿ ಹೊಂದುತ್ತದೆ. ಡಿಸೆಂಬರ್ 5 ಸ್ವಯಂಸೇವಕರ ದಿನ, 1985ರಲ್ಲಿ ವಿಶ್ವಸಂಸ್ಥೆ ಗೊತ್ತುಮಾಡಿದ್ದು. ಹೌಸ್‌ಕೀಪಿಂಗ್‌ನವರನ್ನು ಯಾವ ದಿನಕ್ಕೂ ಕಾಯಿಸಬೇಡಿ.

ಹೆಜ್ಜೆ 10: ಆರು ತಿಂಗಳಿಗೊಮ್ಮೆ ಖಾಲಿ ಜಾಗ ಹುಡುಕಿ

ಒಂದು ಹಾಳೆಯ ಮೇಲೆ ಎಡಗಡೆ ಎಲ್ಲ ವಿಭಾಗಗಳನ್ನು, ಮೇಲ್ಗಡೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಶಿಫ್ಟುಗಳನ್ನು ಬರೆಯಿರಿ. ಬಂದ ಪ್ರತಿ ಪತ್ರಕ್ಕೂ ಅದರ ವಿಭಾಗ, ಶಿಫ್ಟು ಕೂಡುವ ಮನೆಯಲ್ಲಿ (ಚೌಕದಲ್ಲಿ) ಒಂದು ಚುಕ್ಕೆ ಇಡಿ, ಆಯ್ಕೆಯಾದವರಿಗೆ ಮಾತ್ರ ಅಲ್ಲ. ಹಗಲಿನ ಹೆರಿಗೆ ವಾರ್ಡಿನಲ್ಲಿ ಚುಕ್ಕೆಗಳು ತುಂಬಿರುತ್ತವೆ, ರಾತ್ರಿಯ ಎಕ್ಸ್‌ರೇ ಮನೆ ಬಹುಶಃ ಖಾಲಿ ಇರುತ್ತದೆ. ಅಲ್ಲಿ ಒಳ್ಳೆಯ ಕೆಲಸ ನಡೆಯುತ್ತಿಲ್ಲ ಅಂತ ಅರ್ಥವಲ್ಲ, ಅಲ್ಲಿಗೆ ಯಾರೂ ಹೋಗಿ ಕೇಳಿಲ್ಲ. ಖಾಲಿ ಇರುವ ಮನೆಗಳಿಗೆ ಸಮಿತಿಯ ಒಬ್ಬೊಬ್ಬರ ಹೆಸರು ಹಂಚಿ. ಮುಂದಿನ ತಿಂಗಳೊಳಗೆ ಅವರು ಆ ಶಿಫ್ಟಿನಲ್ಲಿ ಒಂದು ಗಂಟೆ ಅಲ್ಲಿ ಕೂತು ನೋಡಿ, ಕಂಡದ್ದನ್ನು ಬರೆದು ತರಲಿ.